ಕಳ್ಳ ಮನೆಯೊಳಗೇ ಸಿಕ್ಕಾಗ: ‘ದಿ ಬಾರ್ಡರ್’ ಓದಿದವರು ಯಾಕೆ ಎರಡು ಪಾಲಾದರು?

ನಾವು ಮೂವರು ಸೇರಿ ಅಮೆರಿಕದ ಲೇಖಕ ಡಾನ್ ವಿನ್ಸ್‌ಲೋ ಡ್ರಗ್ಸ್ ವಿರುದ್ಧದ ಯುದ್ಧದ ಬಗ್ಗೆ ಬರೆದ ಮೂರು ಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದಿದೆವು. ‘ದಿ ಪವರ್ ಆಫ್ ದಿ ಡಾಗ್’ ಮುಗಿದಾಗ ಮೂವರದೂ ಒಂದೇ ಮಾತು: ಕೆಳಗಿಡಲು ಆಗಲಿಲ್ಲ. ‘ದಿ ಕಾರ್ಟೆಲ್’ ಮುಗಿದ ಮೇಲೆ ಎರಡು ದಿನ ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಮನಸ್ಸು ಅಷ್ಟು ಭಾರವಾಗಿತ್ತು. ಕೊನೆಯ ‘ದಿ ಬಾರ್ಡರ್’ಗೆ ಬಂದಾಗ ಮಾತ್ರ ಜಗಳ ಶುರುವಾಯಿತು. ಮೈಸೂರಿನ ಗೆಳೆಯ, ಮೂರರಲ್ಲಿ ಇದೇ ದೊಡ್ಡದು ಎಂದ. ನ್ಯೂಜೆರ್ಸಿಯಲ್ಲಿರುವ ಗೆಳತಿ ಅರ್ಧಕ್ಕೇ ಪುಸ್ತಕ ಮುಚ್ಚಿದಳು. “ಕಥೆ ಕೇಳೋಕೆ ಬಂದೆ ಕಣೋ, ಭಾಷಣ ಕೇಳಿಸ್ತಿದ್ದಾರೆ” ಎಂದಳು. ಆಮೇಲೆ, ಡ್ರಗ್ಸ್ ಚಟಕ್ಕೆ ಬಿದ್ದ ಜಾಕಿ ಎಂಬ ಪಾತ್ರದ ಬಗ್ಗೆ, ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು. “ಜಾಕಿ ಕಥೆ ಓದೋಕೆ ಆಗಲಿಲ್ಲ. ಅಂಥ ಹುಡುಗಿ ನಮ್ಮ ಬೀದೀಲೇ ಇದ್ದಳು.”

2019ರಲ್ಲಿ ಪುಸ್ತಕ ಬಂದಾಗಿನಿಂದ ಓದುಗರ ನಡುವೆ ನಡೆಯುತ್ತಿರುವುದು ಇದೇ ಜಗಳ. ಕೆಲವರಿಗೆ ಇದು ಮೂರು ಪುಸ್ತಕಗಳ ಕಿರೀಟ. ಕೆಲವರಿಗೆ ಒಳ್ಳೆಯ ಕಥೆಯೊಳಕ್ಕೆ ರಾಜಕೀಯ ನುಗ್ಗಿ ಕೆಡಿಸಿದ ಪುಸ್ತಕ. ಇನ್ನು ಕೆಲವರಿಗೆ ಉದ್ದ ಜಾಸ್ತಿ, ಪಾತ್ರಗಳು ಜಾಸ್ತಿ. ಒಂದೇ ಲೇಖಕ, ಒಂದೇ ನಾಯಕ, ಒಂದೇ ಯುದ್ಧ. ಆದರೂ ಕೊನೆಯ ಪುಸ್ತಕಕ್ಕೆ ಮಾತ್ರ ಯಾಕಿಷ್ಟು ಒಡಕು? ನನಗೆ ಹೊಳೆದ ಕಾರಣವನ್ನು ಬಿಡಿಸಿ ಹೇಳುತ್ತೇನೆ. ಹೇಳುವಾಗ ಕಥೆಯ ಕೆಲವು ತಿರುವುಗಳು ಬಂದೇ ಬರುತ್ತವೆ. ಇನ್ನೂ ಓದಿಲ್ಲದವರು ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯಿರಿ.

ಮೊದಲು ಕಥೆಯ ಹಂದರ. ಆರ್ಟ್ ಕೆಲ್ಲರ್ ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆಯಾದ ಡಿಇಎಯ ಅಧಿಕಾರಿ. ತಾಯಿ ಮೆಕ್ಸಿಕೊದವಳು, ತಂದೆ ಅಮೆರಿಕದವನು. ವಿಯೆಟ್ನಾಂ ಯುದ್ಧ ನೋಡಿ ಬಂದವನು. ಅವನ ಎದುರು ನಿಲ್ಲುವವನು ಆದಾನ್ ಬರೇರಾ, ಮೆಕ್ಸಿಕೊದ ಸಿನಲೋವಾ ರಾಜ್ಯದ ಡ್ರಗ್ಸ್ ದೊರೆ. ಓದುತ್ತಾ ಹೋದಂತೆ ಬರೇರಾನ ಹಿಂದೆ ಸಿನಲೋವಾದ ನಿಜವಾದ ಡ್ರಗ್ಸ್ ದೊರೆ ಹ್ವಾಕೀನ್ ಗುಸ್ಮಾನ್, ಅಂದರೆ ‘ಎಲ್ ಚಾಪೊ’, ಕಾಣಿಸುತ್ತಾನೆ. 2005ರ ಮೊದಲ ಪುಸ್ತಕ 1975ರಲ್ಲಿ ಶುರುವಾಗುತ್ತದೆ. ಸಿನಲೋವಾ ಬೆಟ್ಟಗಳಲ್ಲಿ ಗಸಗಸೆ ಹೊಲಗಳಿಗೆ ಬೆಂಕಿ ಬಿದ್ದಿದೆ. ನಮ್ಮ ಮನೆಯ ಗಸಗಸೆ ಪಾಯಸಕ್ಕೆ ಬೀಜ ಕೊಡುವ ಗಿಡವೇ ಅದು. ಅದರ ಹಸಿ ಕಾಯಿಗೆ ಗೀರು ಹಾಕಿದರೆ ಹಾಲು ಬರುತ್ತದೆ. ಹಾಲು ಗಟ್ಟಿಯಾದರೆ ಅಫೀಮು, ಅಫೀಮಿನಿಂದ ಹೆರಾಯಿನ್.

ಆ ಬೆಂಕಿಯಲ್ಲೇ ಇಡೀ ಕಥೆಯ ಬೀಜ ಇದೆ. ಹೊಲ ಸುಟ್ಟರೆ ವ್ಯಾಪಾರ ನಿಲ್ಲುತ್ತದೆ ಎಂದು ಅಧಿಕಾರಿಗಳು ಅಂದುಕೊಂಡಿದ್ದರು. ನಿಲ್ಲಲಿಲ್ಲ. ಬೆಟ್ಟದಲ್ಲಿದ್ದವರು ಗ್ವಾದಲಹಾರಾ ನಗರಕ್ಕೆ ಇಳಿದರು. ಚದುರಿಹೋಗಿದ್ದವರು ಒಟ್ಟಾದರು, ಗಸಗಸೆ ಬಿಟ್ಟು ಕೊಲಂಬಿಯಾದ ಕೊಕೇನ್ ಹಿಡಿದರು. ಒಂದು ದಾಳಿ ಒಂದು ಕಾರ್ಟೆಲ್, ಅಂದರೆ ಡ್ರಗ್ಸ್ ವ್ಯಾಪಾರಿಗಳ ಕೂಟ, ಹುಟ್ಟುಹಾಕಿತು. ಕಾದಂಬರಿಯಷ್ಟೇ ಅಲ್ಲ, ಇತಿಹಾಸವೂ ಹೀಗೇ ನಡೆಯಿತು. 1985ರಲ್ಲಿ ಕೀಕಿ ಕಮರೇನಾ ಎಂಬ ಡಿಇಎ ಅಧಿಕಾರಿಯನ್ನು ಗ್ವಾದಲಹಾರಾದಲ್ಲಿ ಹಗಲಲ್ಲೇ ಹೊತ್ತೊಯ್ದು, ಚಿತ್ರಹಿಂಸೆ ಕೊಟ್ಟು ಕೊಂದರು. ಕಾದಂಬರಿಯಲ್ಲಿ ಕೆಲ್ಲರ್‌ನ ಗೆಳೆಯ ಎರ್ನಿ ಹಿಡಾಲ್ಗೊಗೆ ಆಗುವುದೂ ಅದೇ. ಅಲ್ಲಿಂದ ಕೆಲ್ಲರ್‌ಗೆ ಇದು ಕೆಲಸವಾಗಿ ಉಳಿಯುವುದಿಲ್ಲ, ಸೇಡಾಗುತ್ತದೆ.

2015ರ ‘ದಿ ಕಾರ್ಟೆಲ್’ ಇನ್ನೂ ಕರಾಳ. 2006ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಹೊಸ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ಕಾರ್ಟೆಲ್‌ಗಳ ಮೇಲೆ ಸೈನ್ಯ ಬಿಟ್ಟ ಮೇಲಿನ ಕಾಲ ಅದು. ಹುವಾರೆಸ್ ನಗರದ ಬೀದಿ ಹೆಣಗಳು, ಸೇನೆ ಬಿಟ್ಟು ಬಂದವರು ಕಟ್ಟಿದ ಸೆಟಾಸ್ ಪಡೆ, ಮೀಸೆ ಮೂಡದ ಕೊಲೆಗಾರ ಹುಡುಗರು. ಆ ಪುಸ್ತಕ ತೆರೆದರೆ ಕಥೆಗೂ ಮೊದಲು ಸಾಲು ಸಾಲು ಹೆಸರುಗಳು ಸಿಗುತ್ತವೆ. ಆ ವರ್ಷಗಳಲ್ಲಿ ಮೆಕ್ಸಿಕೊದಲ್ಲಿ ಕೊಲೆಯಾದ, ಕಾಣೆಯಾದ ಪತ್ರಕರ್ತರ ಹೆಸರುಗಳು ಅವು. ನೂರಕ್ಕೂ ಹೆಚ್ಚಿವೆ.

2019ರ ಫೆಬ್ರವರಿಯಲ್ಲಿ ಬಂದ ‘ದಿ ಬಾರ್ಡರ್’ನಲ್ಲಿ ಬರೇರಾ ಇಲ್ಲ. ಕೆಲ್ಲರ್ ಈಗ ಡಿಇಎಯ ಮುಖ್ಯಸ್ಥ. ಬಂದೂಕಿನ ಜಾಗದಲ್ಲಿ ಮೇಜು, ಕಾಡಿನ ಜಾಗದಲ್ಲಿ ವಾಷಿಂಗ್ಟನ್. ಕೆಲವು ಓದುಗರ ಮೊದಲ ನಿರಾಸೆ ಇಲ್ಲೇ ಹುಟ್ಟುತ್ತದೆ, ಮತ್ತು ಅದು ನ್ಯಾಯವಾದದ್ದು. ಎರಡು ಪುಸ್ತಕ ಪೂರ್ತಿ ಬೇಟೆಗಾರನ ಹಿಂದೆ ಓಡಿದವರಿಗೆ ಇದ್ದಕ್ಕಿದ್ದಂತೆ ಅವನು ಕುರ್ಚಿಯಲ್ಲಿ ಕೂತು ಕಡತ ನೋಡುವುದು ಸಪ್ಪೆ ಅನಿಸುತ್ತದೆ. ಬರೇರಾ ಹೋದ ಮೇಲೆ ಖಾಲಿ ಸಿಂಹಾಸನಕ್ಕೆ ಗುದ್ದಾಡುವ ‘ಲಾಸ್ ಹಿಹೊಸ್’, ಅಂದರೆ ‘ಮಕ್ಕಳು’, ಹಳೆಯ ದೊರೆಗಳ ಗಂಡುಮಕ್ಕಳು. ಚಿನ್ನದ ಬಂದೂಕು, ದುಬಾರಿ ಕಾರು, ಬಾಯ್ತುಂಬ ಅಹಂಕಾರ. ಯಾರು ಯಾರ ಮಗ ಎಂದು ನೆನಪಿಡಲು ನಾನೇ ಒಂದು ಚೀಟಿ ಬರೆದಿಟ್ಟುಕೊಂಡೆ. ನಡುವಿನ ನೂರೈವತ್ತು ಪುಟ ನಿಜಕ್ಕೂ ಎಳೆದಂತಿದೆ. ಆದರೆ ಓದುಗರನ್ನು ಸೀಳಿದ್ದು ಉದ್ದವಲ್ಲ.

ದೂರ ಕಡಿಮೆಯಾಗುತ್ತಾ ಬಂತು

ಮೂರು ಪುಸ್ತಕಗಳ ಕಾಲವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು ಮೂವತ್ತು ವರ್ಷದ ಹಳೆಯ ಗಾಯದ ಕಥೆ. ಓದುಗನಿಗೆ ಅದು ಇತಿಹಾಸ. ಎರಡನೆಯದು 2012ರ ಸುಮಾರಿಗೆ ನಿಲ್ಲುತ್ತದೆ, ಪ್ರಕಟವಾಗಿದ್ದು 2015ರಲ್ಲಿ. ಗಾಯ ಹಸಿಯಾಗಿದೆ, ಆದರೆ ಅಮೆರಿಕದ ಓದುಗನಿಗೆ ಅದು ಪಕ್ಕದ ದೇಶದ ಗಾಯ. ಮೂರನೆಯದು ಓದುಗನ ಆ ದಿನದ ಪತ್ರಿಕೆಯೊಳಗೇ ಬಂದು ನಿಂತಿತು.

ಈ ಕಾಕತಾಳೀಯಗಳನ್ನು ನೋಡಿ. ‘ದಿ ಕಾರ್ಟೆಲ್’ ಅಂಗಡಿಗೆ ಬಂದು ಮೂರು ವಾರವೂ ಆಗಿರಲಿಲ್ಲ, 2015ರ ಜುಲೈ 11ರಂದು ಗುಸ್ಮಾನ್ ಬಿಗಿ ಕಾವಲಿನ ಜೈಲಿನ ಸ್ನಾನದ ಜಾಗದಿಂದ ಸುರಂಗ ಇಳಿದು ಪರಾರಿಯಾದ. ‘ದಿ ಬಾರ್ಡರ್’ ಬರುವುದಕ್ಕೆ ಎರಡು ವಾರ ಮೊದಲು, 2019ರ ಫೆಬ್ರವರಿ 12ರಂದು, ಅದೇ ಗುಸ್ಮಾನ್ ಅಪರಾಧಿ ಎಂದು ನ್ಯೂಯಾರ್ಕಿನ ಕೋರ್ಟು ತೀರ್ಪು ಕೊಟ್ಟಿತು. ಓದುಗರು ಟಿವಿ ಆರಿಸಿ ಪುಸ್ತಕ ತೆರೆದರೆ ಟಿವಿಯಲ್ಲಿದ್ದದ್ದೇ ಪುಸ್ತಕದಲ್ಲೂ ಇತ್ತು. ಕೆಲವರಿಗೆ ಅದು ರೋಮಾಂಚನ. ಸುದ್ದಿಯಿಂದ ತಪ್ಪಿಸಿಕೊಳ್ಳಲೆಂದೇ ಕಾದಂಬರಿ ಓದುವವರಿಗೆ ಅದು ಉಸಿರುಕಟ್ಟು.

ಅದಕ್ಕೂ ಮಿಗಿಲಾಗಿ, ಪುಸ್ತಕದಲ್ಲಿ ಅಮೆರಿಕದ ಅಧ್ಯಕ್ಷನೇ ಬರುತ್ತಾನೆ. ಹೆಸರು ಜಾನ್ ಡೆನಿಸನ್. ಟಿವಿಯಿಂದ ಬಂದ ಶ್ರೀಮಂತ, ಗೋಡೆ ಕಟ್ಟುತ್ತೇನೆ ಎಂದು ಗೆದ್ದವನು, ಬೆಳಗಾದರೆ ಟ್ವೀಟ್ ಮಾಡುವವನು. ಅವನ ಅಳಿಯ ಕಟ್ಟಡಗಳ ವ್ಯಾಪಾರಿ, ಸಾಲದಲ್ಲಿ ಮುಳುಗಿದ್ದಾನೆ. ಇವರು ಯಾರನ್ನು ಹೋಲುತ್ತಾರೆ ಎಂದು ಯಾರೂ ಬೆರಳು ಮಾಡಿ ತೋರಿಸಬೇಕಿರಲಿಲ್ಲ. ಅಳಿಯನ ಕಟ್ಟಡಕ್ಕೆ ಡ್ರಗ್ಸ್ ಹಣ ಹರಿಯುವುದು ಲೇಖಕರ ಕಲ್ಪನೆ. ಅದು ಕಾದಂಬರಿಯ ಒಳಗಿನ ಆರೋಪ ಮಾತ್ರ. ಆದರೆ ಟ್ರಂಪ್ ಅವರಿಗೆ ಮತ ಹಾಕಿದ ಓದುಗ ಆ ಪುಟದಲ್ಲಿ ತನಗೇ ಹೊಡೆತ ಬಿತ್ತು ಎಂದುಕೊಂಡ. ಎದುರು ಬಣದವನು ಚಪ್ಪಾಳೆ ತಟ್ಟಿದ. ಇಬ್ಬರೂ ಆ ಹೊತ್ತಿಗೆ ಕಥೆಯಿಂದ ಆಚೆ ಬಂದಿದ್ದರು.

ವಿನ್ಸ್‌ಲೋ ತಮ್ಮ ನಿಲುವನ್ನು ಮುಚ್ಚಿಟ್ಟವರೇ ಅಲ್ಲ. 2015ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಈ ಯುದ್ಧ ನಿಲ್ಲಿಸಿ ಎಂದು ಕೇಳಿದ್ದರು. 2017ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಮತ್ತೊಂದು. ಹಾಗಾಗಿ ಮೂರನೇ ಪುಸ್ತಕದಲ್ಲಿ ರಾಜಕೀಯ ಎಲ್ಲಿಂದಲೋ ಹಾರಿ ಬಂತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಪುಸ್ತಕದಲ್ಲೇ ರಾಜಕೀಯ ಧಾರಾಳವಾಗಿತ್ತು. 1980ರ ದಶಕದಲ್ಲಿ ನಿಕರಾಗುವಾದ ಬಂಡುಕೋರರಿಗೆ ಅಮೆರಿಕ ಗುಟ್ಟಾಗಿ ನೆರವಾದದ್ದು, ಆ ದಾರಿಯಲ್ಲೇ ಕೊಕೇನ್ ಓಡಾಡಿದ್ದು, ಎಲ್ಲ ಅಲ್ಲಿತ್ತು. ಆಗ ಯಾರೂ ಇಷ್ಟು ಸಿಟ್ಟಾಗಲಿಲ್ಲ. ಹಳೆಯ ಅಧ್ಯಕ್ಷನ ತಪ್ಪು ಓದುವಾಗ ಎದೆಗೆ ತಾಗುವುದಿಲ್ಲ, ಅಲ್ವಾ?

ಒಂದು ಪೊಟ್ಟಣದ ದಾರಿ

ಮೊದಲ ಎರಡು ಪುಸ್ತಕಗಳ ಪ್ರಶ್ನೆ: ಡ್ರಗ್ಸ್ ಕಳಿಸುವವರು ಯಾರು? ಮೂರನೆಯದರ ಪ್ರಶ್ನೆ: ಕೊಳ್ಳುವವರು ಯಾರು, ದುಡ್ಡು ಎಲ್ಲಿಗೆ ಹೋಗುತ್ತದೆ? ಕಳ್ಳನನ್ನು ಹುಡುಕಿಕೊಂಡು ಊರೆಲ್ಲ ಸುತ್ತಿದವನು ಕೊನೆಗೆ ತನ್ನ ಮನೆಯ ಅಟ್ಟ ಹತ್ತಿ ನೋಡಿದ ಹಾಗೆ. ಇದು ಅರ್ಥವಾಗಲು ಆ ವರ್ಷಗಳಲ್ಲಿ ಅಮೆರಿಕದಲ್ಲಿ ನಿಜವಾಗಿ ಏನಾಯಿತು ಎಂದು ಸ್ವಲ್ಪ ತಿಳಿಯಬೇಕು.

1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರುಕಟ್ಟೆಗೆ ಬಂತು. ಅಫೀಮಿನ ಬಳಗಕ್ಕೇ ಸೇರಿದ ಔಷಧ ಅದು. ಡಾಕ್ಟರುಗಳು ಧಾರಾಳವಾಗಿ ಬರೆದುಕೊಟ್ಟರು. ಬೆನ್ನುನೋವಿಗೆಂದು ನುಂಗಿದವರು, ಆಟದಲ್ಲಿ ಮಂಡಿ ಮುರಿದ ಹುಡುಗರು, ಲಕ್ಷಾಂತರ ಜನ ಅದಕ್ಕೆ ಅಂಟಿಕೊಂಡರು. 2010ರಲ್ಲಿ ಪುಡಿ ಮಾಡಿ ಮೂಗಿಗೇರಿಸಲು ಆಗದಂತೆ ಮಾತ್ರೆಯನ್ನು ಬದಲಿಸಿದರು. ಚಟ ಮಾತ್ರ ಬದಲಾಗಲಿಲ್ಲ. ಮಾತ್ರೆ ತುಟ್ಟಿ, ಸಿಗುವುದೂ ಕಷ್ಟ. ಅಗ್ಗಕ್ಕೆ ಏನು ಸಿಗುತ್ತದೆ? ಹೆರಾಯಿನ್.

ಅದೇ ಹೊತ್ತಿಗೆ, 2012ರಲ್ಲಿ, ಅಮೆರಿಕದ ಎರಡು ರಾಜ್ಯಗಳ ಮತದಾರರು ಗಾಂಜಾವನ್ನು ಕಾನೂನುಬದ್ಧ ಮಾಡಿದರು. ಇದರಿಂದ ಮೆಕ್ಸಿಕೊದ ಗಾಂಜಾ ವ್ಯಾಪಾರಕ್ಕೆ ಏಟು ಬಿತ್ತು, ಸಿನಲೋವಾದವರು ಮತ್ತೆ ಗಸಗಸೆ ಕಡೆಗೆ ತಿರುಗಿದರು ಎನ್ನುವುದು ವಿನ್ಸ್‌ಲೋ ಅವರ ವಾದ. ಅದರ ಹಿಂದೆಯೇ ಫೆಂಟನಿಲ್ ಎಂಬ ಕೃತಕ ಮಾದಕ ಬಂತು. ಅದಕ್ಕೆ ಹೊಲ ಬೇಡ, ಮಳೆ ಬೇಡ, ಕಾಯಿ ಗೀರುವ ಕೂಲಿಯೂ ಬೇಡ. ರಾಸಾಯನಿಕ ತಂದು ಬೇಯಿಸಿದರೆ ಸಾಕು. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಬಲ. ಹೆರಾಯಿನ್ ಎಂದುಕೊಂಡು ಚುಚ್ಚಿಕೊಂಡವನಿಗೆ ಒಳಗೆ ಏನಿದೆ ಎಂದೇ ಗೊತ್ತಿರುವುದಿಲ್ಲ.

2017ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಡ್ರಗ್ಸ್ ಪ್ರಮಾಣ ಮೀರಿ ಸತ್ತವರು 70,000ಕ್ಕೂ ಹೆಚ್ಚು. ‘ದಿ ಬಾರ್ಡರ್’ ಶುರುವಾಗುವುದು 2017ರ ಏಪ್ರಿಲ್‌ನಲ್ಲಿ, ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಕಪ್ಪು ಕಲ್ಲಿನ ಗೋಡೆಯ ಮುಂದೆ. ಆ ಗೋಡೆಯ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ಇಡೀ ಯುದ್ಧದಲ್ಲಿ ಸತ್ತ ಅಮೆರಿಕನ್ನರು ಅಷ್ಟು. ಒಂದು ವರ್ಷದ ಡ್ರಗ್ಸ್ ಸಾವು ಅದನ್ನೂ ದಾಟಿತ್ತು. ಮೊದಲ ಸಲ ಓದಿದಾಗ, ಕಥೆ ಯಾಕೆ ಅಲ್ಲಿಂದಲೇ ಹೊರಡುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಮೈ ಜುಮ್ಮೆಂದಿತು.

ವಿನ್ಸ್‌ಲೋ ಈ ಸಂಗತಿಗಳನ್ನೆಲ್ಲ ಮನುಷ್ಯರ ಮೇಲೆ ಹೊರಿಸುತ್ತಾರೆ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಜಾಕಿ ಮಾತ್ರೆಯಿಂದ ಹೆರಾಯಿನ್‌ಗೆ ಇಳಿದ ಹುಡುಗಿ. ಅವಳ ಅಧ್ಯಾಯಗಳಲ್ಲಿ ಬಂದೂಕಿಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ. ಬೆಳಗ್ಗೆ ಎದ್ದರೆ ಇವತ್ತಿನ ಪೊಟ್ಟಣಕ್ಕೆ ದುಡ್ಡು ಎಲ್ಲಿಂದ ಎನ್ನುವುದೊಂದೇ ಚಿಂತೆ. ನ್ಯೂಯಾರ್ಕಿನ ಪೊಲೀಸ್ ಬಾಬಿ ಸಿರೆಲ್ಲೊ ಲಂಚಕೋರನ ವೇಷ ಹಾಕಿ ಮಾರಾಟಗಾರರ ನಡುವೆ ಸೇರುತ್ತಾನೆ. ಕೆಲ್ಲರ್ ಅವನನ್ನು ಕಳಿಸಿದ್ದು ಹೊಸ ಲೆಕ್ಕದಲ್ಲಿ. ಇಷ್ಟು ದಿನ ಪೊಟ್ಟಣ ಬಂದ ದಾರಿ ಹಿಡಿದು ದಕ್ಷಿಣಕ್ಕೆ ಹೋದೆವು, ಈಗ ದುಡ್ಡು ಹೋಗುವ ದಾರಿ ಹಿಡಿದು ಮೇಲಕ್ಕೆ ಹೋಗೋಣ ಎಂಬ ಲೆಕ್ಕ. ಬೀದಿಯಿಂದ ಗೋದಾಮು, ಗೋದಾಮಿನಿಂದ ಬ್ಯಾಂಕು, ಬ್ಯಾಂಕಿನಿಂದ ಗಗನಚುಂಬಿ ಕಟ್ಟಡ, ಅಲ್ಲಿಂದ ಅಧಿಕಾರದ ಮನೆ. ಈ ಏಣಿಯೇ ಕಾದಂಬರಿಯ ಬೆನ್ನೆಲುಬು. ಸಿರೆಲ್ಲೊ ಸುಳ್ಳು ಹೇಳುತ್ತಾ ಹೇಳುತ್ತಾ ತಾನು ಯಾರು ಎನ್ನುವುದನ್ನೇ ಕಳೆದುಕೊಳ್ಳುತ್ತಾನಲ್ಲ, ಆ ಭಾಗ ಮೂರೂ ಪುಸ್ತಕಗಳ ಅತ್ಯುತ್ತಮ ಬರಹಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

“ಬ್ಯಾಂಕು, ಕಟ್ಟಡ ಅಂತೆಲ್ಲ ಸುಮ್ನೆ ಎಳೆದಿದ್ದಾರೆ” ಎನ್ನುವ ಓದುಗರಿಗೆ ಒಂದು ನಿಜ ಸಂಗತಿ ಹೇಳಬೇಕು. 2012ರ ಡಿಸೆಂಬರ್‌ನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಅಮೆರಿಕ ಸರ್ಕಾರಕ್ಕೆ 190 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಮೆಕ್ಸಿಕೊ ಮತ್ತು ಕೊಲಂಬಿಯಾ ಕಾರ್ಟೆಲ್‌ಗಳ ಕನಿಷ್ಠ 88 ಕೋಟಿ ಡಾಲರ್ ಆ ಬ್ಯಾಂಕಿನ ಮೂಲಕ ಹರಿದಿತ್ತು. ಬ್ಯಾಂಕಿನ ಕಿಟಕಿಯ ಅಳತೆಗೇ ಸರಿಯಾಗಿ ಪೆಟ್ಟಿಗೆ ಮಾಡಿಸಿಕೊಂಡು, ಅದರಲ್ಲಿ ನೋಟು ತುಂಬಿ ತಂದು ಕಟ್ಟುತ್ತಿದ್ದರು ಎಂದು ಅಮೆರಿಕದ ನ್ಯಾಯ ಇಲಾಖೆಯೇ ಹೇಳಿತು. ಆ ಪ್ರಕರಣದಲ್ಲಿ ಬ್ಯಾಂಕಿನ ಯಾವ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ. ಅದೇ ದೇಶದಲ್ಲಿ ಬೀದಿಯಲ್ಲಿ ಪೊಟ್ಟಣ ಮಾರಿದ ಹುಡುಗ ಹತ್ತಾರು ವರ್ಷ ಕಂಬಿ ಎಣಿಸುತ್ತಾನೆ. ಈ ಅಂತರ ವಿನ್ಸ್‌ಲೋ ಅವರನ್ನು ಕೆರಳಿಸಿದೆ. ಆ ಕೋಪ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ. ಕೋಪ ಕಾಣಬಾರದಿತ್ತು ಎನ್ನುವವರ ಜತೆ ನಾನಿಲ್ಲ.

ಆದರೆ ಒಂದು ದೂರನ್ನು ಒಪ್ಪುತ್ತೇನೆ. ಕೊನೆಯಲ್ಲಿ ಕೆಲ್ಲರ್ ಅಮೆರಿಕ ಸಂಸತ್ತಿನ ಸೆನೆಟ್ ಸಮಿತಿಯ ಮುಂದೆ ಕೂತು ತನ್ನ ನಲವತ್ತು ವರ್ಷದ ಕಥೆಯನ್ನು, ತಾನು ಮಾಡಿದ ಪಾಪಗಳನ್ನೂ ಸೇರಿಸಿ, ಹೇಳುತ್ತಾನೆ. ಆ ಮಾತಿಗೆ ಎರಡು ಕೆಲಸ ಇದೆ. ಒಂದು, ಪಾತ್ರದ ತಪ್ಪೊಪ್ಪಿಗೆ. ಇನ್ನೊಂದು, ಲೇಖಕರ ವಾದ. ತಪ್ಪೊಪ್ಪಿಗೆಯ ಸಾಲುಗಳಲ್ಲಿ ಗಂಟಲು ಕಟ್ಟುತ್ತದೆ. ವಾದದ ಸಾಲುಗಳಲ್ಲಿ ಕೆಲ್ಲರ್ ಮಾಯವಾಗಿ ವಿನ್ಸ್‌ಲೋ ಕಾಣಿಸುತ್ತಾರೆ. ಜಾಕಿಯ ಕಥೆ ಹೇಳಿ ಮುಗಿಸಿದ್ದನ್ನೇ ಮತ್ತೆ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಗೆಳತಿ ‘ಭಾಷಣ’ ಎಂದದ್ದು ಸುಳ್ಳಲ್ಲ. ಅವಳು ಅಲ್ಲಿಯವರೆಗೆ ಓದಿರಲಿಲ್ಲ, ಆದರೂ ಅದರ ವಾಸನೆ ಅವಳಿಗೆ ಮೊದಲೇ ಬಡಿದಿತ್ತು.

ನೀಕೊ

ಪುಸ್ತಕ ಇಷ್ಟಪಡದವರೂ ಮರೆಯದ ಒಂದು ಪಾತ್ರ ಇದೆ. ಗ್ವಾಟೆಮಾಲಾ ನಗರದ ಕಸದ ಗುಡ್ಡೆಯಲ್ಲಿ ಚಿಂದಿ ಆಯುವ ಹತ್ತು ವರ್ಷದ ಹುಡುಗ ನೀಕೊ. ಬೀದಿಯ ಗ್ಯಾಂಗ್ ಅವನನ್ನು ಸೇರಿಸಿಕೊಳ್ಳಲು ಬರುತ್ತದೆ. ಒಲ್ಲೆ ಎನ್ನುವ ಹಾಗಿಲ್ಲ. ಅಮ್ಮ ಅವನನ್ನು ಉತ್ತರಕ್ಕೆ ಓಡಿಸುತ್ತಾಳೆ. ಮೆಕ್ಸಿಕೊ ದಾಟುವ ಗೂಡ್ಸ್ ರೈಲುಗಳ ಮೇಲೆ ಕೂತು ಸಾವಿರಾರು ಜನ ಹೀಗೆ ಹೋಗುತ್ತಿದ್ದರು. ಆ ರೈಲಿಗೆ ಅವರೇ ಇಟ್ಟ ಹೆಸರು ‘ಲಾ ಬೆಸ್ತಿಯಾ’, ಅಂದರೆ ಮೃಗ. ಚಳಿ, ಹಸಿವು, ಸುರಂಗದಲ್ಲಿ ತಲೆಗೆ ಬಡಿಯುವ ಕಂಬಿ, ದರೋಡೆ. ಜಾರಿದರೆ ಕಾಲು ಹೋಯಿತು. 2014ರಲ್ಲಿ ಹೀಗೆ ಒಂಟಿಯಾಗಿ ಅಮೆರಿಕದ ಗಡಿಗೆ ಬಂದ ಮಕ್ಕಳ ಸಂಖ್ಯೆ ಹತ್ತಾರು ಸಾವಿರ ದಾಟಿತ್ತು.

ನೀಕೊ ಗಡಿ ದಾಟುತ್ತಾನೆ, ನ್ಯೂಯಾರ್ಕ್ ಸೇರುತ್ತಾನೆ. ಇಷ್ಟಕ್ಕೇ ಬೇರೆ ಲೇಖಕರಾಗಿದ್ದರೆ ಕಥೆ ಮುಗಿಸುತ್ತಿದ್ದರು. ವಿನ್ಸ್‌ಲೋ ಮುಗಿಸುವುದಿಲ್ಲ. ಯಾವ ಗ್ಯಾಂಗಿಗೆ ಹೆದರಿ ಓಡಿ ಬಂದನೋ ಅಂಥದ್ದೇ ಗ್ಯಾಂಗ್ ಅಲ್ಲೂ ಅವನನ್ನು ಹುಡುಕಿಕೊಂಡು ಬರುತ್ತದೆ. ಆ ಪುಟಗಳನ್ನು ನಾನು ಬಸ್ಸಿನಲ್ಲಿ ಓದುತ್ತಿದ್ದೆ. ಇಳಿಯುವ ಸ್ಟಾಪ್ ದಾಟಿದ್ದೇ ತಿಳಿಯಲಿಲ್ಲ.

ಈ ಕಥೆಯ ಸುತ್ತ ಇನ್ನೊಂದು ಪ್ರಶ್ನೆ ಎದ್ದಿತು. ಲ್ಯಾಟಿನ್ ಅಮೆರಿಕದ ನೋವನ್ನು ನ್ಯೂಯಾರ್ಕಿನಲ್ಲಿ ಹುಟ್ಟಿದ ಬಿಳಿಯ ಲೇಖಕ ಹೇಳಬಹುದೇ? ಒಂದು ವರ್ಷದ ನಂತರ, 2020ರ ಜನವರಿಯಲ್ಲಿ, ಮೆಕ್ಸಿಕೊದವರ ಬಗ್ಗೆ ಅಮೆರಿಕದ ಲೇಖಕಿಯೊಬ್ಬರು ಬರೆದ ‘ಅಮೆರಿಕನ್ ಡರ್ಟ್’ ಎಂಬ ಇನ್ನೊಂದು ಕಾದಂಬರಿ ಬಂದಾಗ ಈ ಪ್ರಶ್ನೆ ಸ್ಫೋಟಿಸಿತು. ಮೆಕ್ಸಿಕೊ ಮೂಲದ ಬರಹಗಾರರು ಅದನ್ನು ಕಟುವಾಗಿ ಟೀಕಿಸಿದರು. ಆ ಪುಸ್ತಕವನ್ನು ಮೊದಲೇ ಹೊಗಳಿದ್ದವರಲ್ಲಿ ವಿನ್ಸ್‌ಲೋ ಕೂಡ ಇದ್ದರು. ಹಾಗಾಗಿ ಕೆಲವರು ‘ದಿ ಬಾರ್ಡರ್’ ಅನ್ನೂ ಆ ಕಣ್ಣಿನಿಂದಲೇ ತಿರುಗಿ ಓದಿದರು.

ನನಗನಿಸುವುದು ಇಷ್ಟು. ಈ ಮಾಲೆಯಲ್ಲಿ ಮೆಕ್ಸಿಕೊ ಎಂದರೆ ಕೊಲೆ ಎಂಬ ಭಾವನೆ ಗಟ್ಟಿಯಾಗುವ ಅಪಾಯ ಖಂಡಿತ ಇದೆ. ಎರಡನೇ ಪುಸ್ತಕ ಮುಗಿಸಿದವನ ಕಣ್ಣಮುಂದೆ ಹುವಾರೆಸ್ ಎಂದರೆ ರಕ್ತ ಬಿಟ್ಟು ಬೇರೇನೂ ಬರುವುದಿಲ್ಲ. ಅಲ್ಲೂ ಮಕ್ಕಳು ಶಾಲೆಗೆ ಹೋಗುತ್ತಾರೆ, ಅಜ್ಜಿಯರು ಅಡುಗೆ ಮಾಡುತ್ತಾರೆ ಎನ್ನುವುದು ಮರೆತುಹೋಗುತ್ತದೆ. ಮೂರನೇ ಪುಸ್ತಕ ಈ ತಪ್ಪನ್ನು ಸ್ವಲ್ಪ ಮಟ್ಟಿಗೆ ತಿದ್ದುತ್ತದೆ. ಅಲ್ಲಿ ಬೆರಳು ತಿರುಗುವುದು ಅಮೆರಿಕದ ಕಡೆಗೆ. ತನ್ನದೇ ದೇಶದ ಬಗ್ಗೆ, ತಾನು ಚೆನ್ನಾಗಿ ಬಲ್ಲ ಬೀದಿಗಳ ಬಗ್ಗೆ ಬರೆಯುವಾಗ ವಿನ್ಸ್‌ಲೋ ಹೆಚ್ಚು ನಿಖರ. ಸ್ಟೇಟನ್ ಐಲೆಂಡಿನ ಜಾಕಿ ಉಸಿರಾಡುತ್ತಾಳೆ. ಸಿನಲೋವಾದ ಶ್ರೀಮಂತ ಮಕ್ಕಳಲ್ಲಿ ಇಬ್ಬರು ಮೂವರು ಬರೀ ಹೆಸರಾಗಿ ಉಳಿಯುತ್ತಾರೆ.

ಪುಸ್ತಕದ ಹೆಸರಿನಲ್ಲಿರುವ ಗಡಿಯ ಬಗ್ಗೆಯೂ ಒಂದು ಮಾತು. ಗೋಡೆ ಕಟ್ಟಿದರೆ ಡ್ರಗ್ಸ್ ನಿಲ್ಲುತ್ತದೆ ಎಂಬ ಮಾತಿಗೆ ವಿನ್ಸ್‌ಲೋ ಉತ್ತರ ಸರಳ. ಗೋಡೆಯಲ್ಲಿ ಬಾಗಿಲುಗಳಿವೆ. ಹೆರಾಯಿನ್, ಫೆಂಟನಿಲ್ ಬಹುಪಾಲು ಬರುವುದು ಮರುಭೂಮಿಯಲ್ಲಿ ನಡೆದುಕೊಂಡಲ್ಲ. ಅಧಿಕೃತ ಗಡಿ ಠಾಣೆಗಳ ಮೂಲಕ, ದಿನವೂ ಸಾಲಾಗಿ ದಾಟುವ ಕಾರು, ಲಾರಿಗಳಲ್ಲಿ ಬಚ್ಚಿಟ್ಟುಕೊಂಡು. ಅಮೆರಿಕದ ಗಡಿ ಇಲಾಖೆ ಹಿಡಿದ ಮಾಲಿನ ಲೆಕ್ಕವೂ ಇದನ್ನೇ ಹೇಳುತ್ತದೆ. ನೀಕೊನಂಥ ಮಗುವಿನ ದಾರಿಯೇ ಬೇರೆ, ಪೊಟ್ಟಣದ ದಾರಿಯೇ ಬೇರೆ. ಈ ಎರಡನ್ನೂ ಒಂದೇ ಎಂದು ತೋರಿಸಿದ ರಾಜಕೀಯದ ಮೇಲೆ ಲೇಖಕರಿಗೆ ಸಿಟ್ಟು. ಇದು ಗೊತ್ತಿದ್ದು ಓದಿದರೆ, ಆ ಅಧ್ಯಾಯಗಳನ್ನು ಯಾಕೆ ಹಿಂದೆ ಮುಂದೆ ಹೆಣೆದಿದ್ದಾರೆ ಎಂದು ತಿಳಿಯುತ್ತದೆ.

ಪುಸ್ತಕ ಮುಗಿದ ಮೇಲೆ ನಡೆದದ್ದು

2019ರಲ್ಲಿ ಕೆಲವು ಓದುಗರು, ದೊರೆ ಹೋದ ಮೇಲೆ ಮಕ್ಕಳು ಹೊಡೆದಾಡುವ ಭಾಗ ಸಿನಿಮಾ ಥರ ಇದೆ ಎಂದಿದ್ದರು. ಅದೇ ವರ್ಷದ ಅಕ್ಟೋಬರ್ 17ರಂದು ಮೆಕ್ಸಿಕೊ ಸೈನಿಕರು ಸಿನಲೋವಾದ ರಾಜಧಾನಿ ಕೂಲಿಯಾಕಾನ್‌ನಲ್ಲಿ ಗುಸ್ಮಾನ್‌ನ ಮಗ ಓವಿದಿಯೊನನ್ನು ಹಿಡಿದರು. ಕೆಲವೇ ಗಂಟೆಯಲ್ಲಿ ಬಂದೂಕುಧಾರಿಗಳು ಇಡೀ ಊರನ್ನು ಒತ್ತೆ ಇಟ್ಟುಕೊಂಡರು, ರಸ್ತೆಗಳಲ್ಲಿ ಬಸ್ಸು ಸುಟ್ಟರು. ಸರ್ಕಾರ ಅವನನ್ನು ಬಿಟ್ಟು ಕಳಿಸಿತು. ಅವನು ಮತ್ತೆ ಸಿಕ್ಕಿದ್ದು 2023ರ ಜನವರಿಯಲ್ಲಿ. 2024ರ ಜುಲೈನಲ್ಲಿ ಗುಸ್ಮಾನ್‌ನ ಹಳೆಯ ಜತೆಗಾರ ಇಸ್ಮಾಯೆಲ್ ಸಾಂಬಾಡಾ ಅಮೆರಿಕದ ನೆಲದಲ್ಲಿ ಸೆರೆಯಾದ. ಅವನು ಬಂದಿಳಿದ ವಿಮಾನದಲ್ಲೇ ಗುಸ್ಮಾನ್‌ನ ಇನ್ನೊಬ್ಬ ಮಗನೂ ಇದ್ದ. ಆ ಸೆಪ್ಟೆಂಬರ್‌ನಿಂದ ಸಾಂಬಾಡಾ ಕಡೆಯವರಿಗೂ ಗುಸ್ಮಾನ್ ಮಕ್ಕಳ ಕಡೆಯವರಿಗೂ ಕೂಲಿಯಾಕಾನ್‌ನಲ್ಲಿ ಬಹಿರಂಗ ಯುದ್ಧ ಶುರುವಾಯಿತು. 2021ರಲ್ಲಿ ಅಮೆರಿಕದ ಡ್ರಗ್ಸ್ ಸಾವು ವರ್ಷಕ್ಕೆ 1,00,000 ದಾಟಿತು.

ಇದನ್ನೆಲ್ಲ ತಿಳಿದು ಈಗ ‘ದಿ ಬಾರ್ಡರ್’ ಎತ್ತಿಕೊಳ್ಳುವವರ ಓದು ಬೇರೆ ರೀತಿಯದು. ಮಕ್ಕಳ ಜಗಳದ ಪುಟಗಳು ಅವರಿಗೆ ಉತ್ಪ್ರೇಕ್ಷೆ ಅನಿಸುವುದಿಲ್ಲ. ಡೆನಿಸನ್‌ನ ಟ್ವೀಟುಗಳು ಮಾತ್ರ ಆ ವರ್ಷಕ್ಕೆ ಅಂಟಿಕೊಂಡೇ ಇವೆ. ಜಾಕಿ, ನೀಕೊ, ಸಿರೆಲ್ಲೊ ಸ್ವಲ್ಪವೂ ಮಾಸಿಲ್ಲ. ಇನ್ನು ಇಪ್ಪತ್ತು ವರ್ಷ ಹೋದರೆ ಓದುಗರು ಅಧ್ಯಕ್ಷನ ಅಧ್ಯಾಯಗಳನ್ನು ಬೇಗ ಬೇಗ ಮಗುಚಿ, ಈ ಮೂವರ ಹತ್ತಿರ ಬಂದು ನಿಲ್ಲುತ್ತಾರೆ ಎಂದು ನನ್ನ ಊಹೆ.

ಹೊಸದಾಗಿ ಓದುವವರು ದಯವಿಟ್ಟು ಮೊದಲ ಪುಸ್ತಕದಿಂದಲೇ ಶುರು ಮಾಡಿ. ಮೂರನೆಯದನ್ನು ಮಾತ್ರ ಓದಿದರೂ ಕಥೆ ತಿಳಿಯುತ್ತದೆ. ಆದರೆ ಎರ್ನಿಯ ಮಗ ಹ್ಯೂಗೊ ಡಿಇಎ ಸೇರಿ ಕೆಲ್ಲರ್ ಎದುರು ಬಂದು ನಿಂತಾಗ ಕೆಲ್ಲರ್‌ನ ಎದೆಯೊಳಗೆ ಆಗುವುದು ನಿಮಗೆ ಆಗುವುದಿಲ್ಲ. ಎರಡನೆಯದನ್ನು ಒಂದೇ ಉಸಿರಿಗೆ ಓದಬೇಡಿ, ನಡುವೆ ನಾಲ್ಕು ದಿನ ಬಿಡಿ. ಹಿಂಸೆ ಅಷ್ಟಿದೆ.

ಮೂರನೆಯದನ್ನು ತೆರೆದಾಗ ಕಥೆಗೂ ಮೊದಲು ಮತ್ತೆ ಹೆಸರುಗಳು ಸಿಗುತ್ತವೆ. 2014ರ ಸೆಪ್ಟೆಂಬರ್ 26ರ ರಾತ್ರಿ ಮೆಕ್ಸಿಕೊದ ಇಗ್ವಾಲಾ ಊರಿನಲ್ಲಿ ಬಸ್ಸುಗಳಿಂದ ಕಾಣೆಯಾದ 43 ವಿದ್ಯಾರ್ಥಿಗಳು. ಅಯೋತ್ಸಿನಾಪಾದ ಶಿಕ್ಷಕರ ತರಬೇತಿ ಕಾಲೇಜಿನ ಹುಡುಗರು, ಹೆಚ್ಚಿನವರು ಹಳ್ಳಿಯ ಬಡ ಮನೆಯವರು. ಕಾದಂಬರಿಯಲ್ಲೂ ಅಂಥದೇ ಒಂದು ರಾತ್ರಿ ಇದೆ. ಆ ಹೆಸರುಗಳ ಜತೆಗೆ ಹಾವಿಯರ್ ವಾಲ್ದೆಸ್ ಕಾರ್ದೆನಾಸ್ ಅವರ ಹೆಸರೂ ಇದೆ. ಕೂಲಿಯಾಕಾನ್‌ನಲ್ಲಿ ಗೆಳೆಯರ ಜತೆ ‘ರಿಯೊದೋಸೆ’ ಪತ್ರಿಕೆ ಕಟ್ಟಿ, ಕಾರ್ಟೆಲ್‌ಗಳ ಊರಲ್ಲೇ ಕೂತು ಅವರ ಬಗ್ಗೆ ಬರೆದವರು. 2017ರ ಮೇ 15ರ ಮಧ್ಯಾಹ್ನ ತಮ್ಮ ಪತ್ರಿಕೆಯ ಕಚೇರಿಯ ಹತ್ತಿರವೇ ಅವರಿಗೆ ಗುಂಡು ಬಿತ್ತು. ಗೆಳತಿಗೆ ಮೊನ್ನೆ ಫೋನ್ ಮಾಡಿದಾಗ ಆ ಪುಟ ಓದಿದ್ಯಾ ಎಂದು ಕೇಳಿದೆ. ಮಗುಚಿಬಿಟ್ಟಿದ್ದೆ ಎಂದಳು. ಫೋನ್ ಹಿಡಿದುಕೊಂಡೇ ಪುಸ್ತಕ ಹುಡುಕಿ ತಂದಳು. ಒಂದೊಂದೇ ಹೆಸರು ಗಟ್ಟಿಯಾಗಿ ಓದತೊಡಗಿದಳು.